ಹಳೆಯ ಸಫಾರಿಯನ್ನು ಕಚ್ಚಾ ಹಾದಿಗೆ ಸಜ್ಜುಗೊಳಿಸುವ ಬಗೆ

ಹತ್ತು ಹನ್ನೆರಡು ವರ್ಷ ಮನೆಮಂದಿಯನ್ನೆಲ್ಲ ಹೊತ್ತು ಊರೂರು ಸುತ್ತಿದ ಹಳೆಯ ಗಾಡಿಯೊಂದು ಅಂಗಳದಲ್ಲಿ ನಿಂತಿದ್ದು, ಅದನ್ನು ಮಾರಲು ಮನಸ್ಸಾಗದೆ, ಘಟ್ಟದ ಕಚ್ಚಾ ದಾರಿಗಳಿಗೂ ಮುಂದೊಂದು ದಿನ ಲಡಾಖ್–ಸ್ಪಿತಿಯ ಕಡೆಗೂ ಅದರಲ್ಲೇ ಹೋಗಬೇಕೆಂದು ಆಸೆಪಡುವವರಿಗಾಗಿ ಈ ಬರಹ. ಉದಾಹರಣೆಯಾಗಿ ನಮ್ಮ ಮನೆಯ 2010ರ ಟಾಟಾ ಸಫಾರಿ ಡೈಕಾರ್ 2.2 ಫೋರ್ ಬೈ ಫೋರ್ (ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವಂಥ) ಗಾಡಿಯನ್ನೇ ತೆಗೆದುಕೊಂಡಿದ್ದೇನೆ. 1998ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಸಫಾರಿಯಿಂದ 2012ರ ಸ್ಟಾರ್ಮ್‌ವರೆಗಿನ ಗಾಡಿಗಳೆಲ್ಲ ಏಣಿಯಂಥ ಚಾಸಿಯ ಮೇಲೆ ಬಾಡಿಯನ್ನು ಕೂರಿಸಿದ ರಚನೆಯವು. 2021ರಲ್ಲಿ ಅದೇ ಹೆಸರಿನಲ್ಲಿ ಬಂದ ಗಾಡಿಗೆ ಪ್ರತ್ಯೇಕ ಚಾಸಿಯೂ ಇಲ್ಲ, ನಾಲ್ಕು ಚಕ್ರಕ್ಕೆ ಶಕ್ತಿಯೂ ಹೋಗುವುದಿಲ್ಲವಾದ್ದರಿಂದ ಇಲ್ಲಿನ ಮಾತುಗಳು ಅದಕ್ಕೆ ಹೊಂದುವುದಿಲ್ಲ. ಹಳೆಯ ಸ್ಕಾರ್ಪಿಯೊ ಫೋರ್ ಬೈ ಫೋರ್ ಇರುವವರಿಗೆ ಇದರಲ್ಲಿ ಬಹುಪಾಲು ಉಪಯೋಗವಾಗುತ್ತದೆ.

ಕೆಲಸದ ಅನುಕ್ರಮವೇ ಇಲ್ಲಿ ಮುಖ್ಯವಾದ ವಿಷಯ. ಹಳೆಯ ಗಾಡಿಗೆ ಮಾಡಬೇಕಾದ ಮೊದಲ ಮಾರ್ಪಾಡು ಎಂದರೆ ಅದು ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಆ ಸ್ಥಿತಿಗೆ ಮರಳಿ ತರುವುದು. ಲೈಟು, ಕ್ಯಾರಿಯರ್, ದೊಡ್ಡ ಟೈರುಗಳೆಲ್ಲ ಅದರ ನಂತರದ ಮಾತು. ನಾನು ಈ ಅನುಕ್ರಮವನ್ನು ತಲೆಕೆಳಗು ಮಾಡಿ ಒಂದು ವರ್ಷವನ್ನೂ ಸಾಕಷ್ಟು ಹಣವನ್ನೂ ಕಳೆದುಕೊಂಡೆ. ಆ ಪ್ರಸಂಗ ಮುಂದೆ ಬರುತ್ತದೆ.

ಮೊದಲ ಹೆಜ್ಜೆ: ಗಾಡಿಯನ್ನು ಕೆಳಗಿನಿಂದ ನೋಡುವುದು

ವಾಟರ್ ಸರ್ವಿಸ್ ಮಾಡುವ ಕಡೆ ಗಾಡಿಯನ್ನು ರ‍್ಯಾಂಪ್ ಮೇಲೆ ಹತ್ತಿಸಿ, ಅಡಿಭಾಗದ ಕೆಸರೆಲ್ಲ ಹೋಗುವಂತೆ ತೊಳೆಸಿ, ಒಂದು ದಿನ ಒಣಗಲು ಬಿಡಿ. ಮರುದಿನ ಒಂದು ಹಳೆಯ ಸ್ಕ್ರೂಡ್ರೈವರ್, ಒಂದು ಸಣ್ಣ ಸುತ್ತಿಗೆ ಮತ್ತು ಒಳ್ಳೆಯ ಟಾರ್ಚ್ ಹಿಡಿದು ಅಡಿಗೆ ಹೋಗಿ. ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಬಂದರೆ ಗಟ್ಟಿ ಉಕ್ಕು ಗಂಟೆಯ ಹಾಗೆ ಚುರುಕಾಗಿ ನುಡಿಯುತ್ತದೆ, ಒಳಗೆ ತುಕ್ಕು ತಿಂದ ಜಾಗ ಮಂಕಾಗಿ ನುಡಿಯುತ್ತದೆ. ಅಂಥ ಜಾಗದಲ್ಲಿ ಸ್ಕ್ರೂಡ್ರೈವರ್ ತುದಿಯನ್ನು ಒತ್ತಿ ನೋಡಿ. ಪದರ ಪದರವಾಗಿ ಸಿಪ್ಪೆ ಎದ್ದರೆ ಅದು ಇನ್ನೂ ಮೇಲ್ಮೈಯ ತುಕ್ಕು, ತುದಿ ಒಳಗೇ ಇಳಿದರೆ ಚಾಸಿಯ ಆ ಭಾಗ ಸತ್ತಿದೆ ಎಂದರ್ಥ. ಹಿಂದಿನ ಸ್ಪ್ರಿಂಗ್ ಕೂರುವ ಬಟ್ಟಲು, ಹೌಸಿಂಗಿನ (ಚಕ್ರಗಳ ನಡುವಿನ ಗೇರುಗಳನ್ನು ಹೊತ್ತ ಉಕ್ಕಿನ ಕವಚದ) ತೋಳುಗಳು ಚಾಸಿಗೆ ಸೇರುವ ಬ್ರಾಕೆಟ್, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಬಾಡಿ ಮತ್ತು ಚಾಸಿಯ ನಡುವಿನ ರಬ್ಬರ್ ಮೌಂಟಿನ ಸುತ್ತಮುತ್ತ ಹೆಚ್ಚು ಹೊತ್ತು ನೋಡಬೇಕು. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಈ ಪರೀಕ್ಷೆಗೆ ಅರ್ಧ ದಿನವನ್ನೇ ಕೊಡಿ.

ಚಾಸಿಯ ಮುಖ್ಯ ತೊಲೆಯಲ್ಲಿ ತೂತು ಕಂಡರೆ, ಅದಕ್ಕೆ ತಗಡಿನ ತೇಪೆ ಹಾಕಿ ಮುಂದುವರಿಯುವ ಬದಲು ಈ ಯೋಜನೆಯನ್ನೇ ಕೈಬಿಡುವುದು ಒಳ್ಳೆಯದು. ಸಾಮಾನ್ಯ ರಸ್ತೆಯಲ್ಲಿ ಇನ್ನೂ ಕೆಲವು ವರ್ಷ ನಡೆಯಬಹುದಾದ ಅಂಥ ಗಾಡಿ, ಒಂದು ಚಕ್ರ ಗಾಳಿಯಲ್ಲಿ, ಇನ್ನೊಂದು ಗುಂಡಿಯಲ್ಲಿ ಇರುವಾಗ ಚಾಸಿಯ ಮೇಲೆ ಬೀಳುವ ತಿರುಚುವಿಕೆಯನ್ನು ತಾಳಲಾರದು.

ನಾಲ್ಕು ಚಕ್ರದ ಚಾಲನೆ ಕೆಲಸ ಮಾಡುತ್ತದೆಯೇ ಎಂಬುದನ್ನೂ ಇದೇ ಹಂತದಲ್ಲಿ ತಿಳಿಯಬೇಕು. ವರ್ಷಗಟ್ಟಲೆ ಡಾಂಬರಿನ ಮೇಲಷ್ಟೇ ಓಡಿದ ಗಾಡಿಯಲ್ಲಿ ಗುಂಡಿ ತಿರುಗಿಸಿದರೂ ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರುಪೆಟ್ಟಿಗೆಯ) ಮೋಟಾರು ತುಕ್ಕಿನಿಂದ ಬಿಗಿದುಕೊಂಡು ಅಲುಗಾಡದೇ ಇರಬಹುದು. ಮಣ್ಣಿನ ಮೈದಾನದಲ್ಲಿ ಮೊದಲು ಹೈ ರೇಂಜ್ (ನಾಲ್ಕು ಚಕ್ರದ ಚಾಲನೆಯ ಸಾಮಾನ್ಯ ಗೇರು), ಬಳಿಕ ಗಾಡಿಯನ್ನು ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಲೋ ರೇಂಜ್ (ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರು) ಹಾಕಿ ನೋಡಿ. ಒಣ ಡಾಂಬರಿನ ಮೇಲೆ ಇದನ್ನು ಮಾಡಕೂಡದು. ಈ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಹೌಸಿಂಗ್‌ಗಳ ನಡುವೆ ಮೂರನೆಯ ಡಿಫರೆನ್ಷಿಯಲ್ (ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ) ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಉರುಳಬೇಕಾಗುತ್ತದೆ, ಜಾರುವ ನೆಲವಿಲ್ಲದಿದ್ದಾಗ ಆ ವ್ಯತ್ಯಾಸವೆಲ್ಲ ಶಾಫ್ಟ್‌ಗಳ ಮೇಲೂ ಗೇರುಗಳ ಮೇಲೂ ಬಿಗಿತವಾಗಿ ಕೂರುತ್ತದೆ.

ಕಾನೂನಿನ ಗೆರೆ ಎಲ್ಲಿದೆ

ಒಂದು ರೂಪಾಯಿ ಖರ್ಚು ಮಾಡುವ ಮೊದಲು ಇದನ್ನು ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಇನ್ನಷ್ಟು ಸ್ಪಷ್ಟವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಲು ಅವಕಾಶ ಮಾಡಿಕೊಟ್ಟಿತು. ಗಾಡಿಯ ಮುಂಭಾಗಕ್ಕೆ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಕಟ್ಟುವುದನ್ನು ತಡೆಯುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿದೆ. ದಾರಿಹೋಕರಿಗೆ ಅದರಿಂದ ಆಗುವ ಗಾಯ ಹೆಚ್ಚು, ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅದರ ಸೆನ್ಸರ್‌ಗೂ ಅಡ್ಡಿ. ಹಾಗಾಗಿ ಗಾಡಿಯ ಎತ್ತರ, ಅಗಲ, ಎಂಜಿನ್, ಆಸನಗಳ ಸಂಖ್ಯೆ, ಚಾಸಿ ಇವುಗಳನ್ನು ಮುಟ್ಟದೆ, ನಟ್ಟು ಬೋಲ್ಟ್ ಬಿಚ್ಚಿದರೆ ಮೂಲ ರೂಪಕ್ಕೆ ಮರಳುವಂಥ ಕೆಲಸಗಳನ್ನಷ್ಟೇ ಆರಿಸಿಕೊಳ್ಳುವುದು ನನ್ನ ಪದ್ಧತಿ. ಸಂದೇಹವಿದ್ದ ಕಡೆ ಆರ್‌ಟಿಒ ಕಚೇರಿಯಲ್ಲಿಯೂ ವಿಮಾ ಸಂಸ್ಥೆಯಲ್ಲಿಯೂ ಲಿಖಿತವಾಗಿ ಕೇಳಿ.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ. ನಿಮ್ಮ ಗಾಡಿ ಆ ಅಂಚಿನಲ್ಲಿದ್ದರೆ ಮೊದಲು ನವೀಕರಣ ಮಾಡಿಸಿಕೊಂಡು, ಬಳಿಕ ಉಳಿದ ಕೆಲಸಕ್ಕೆ ಕೈಹಾಕಿ. ಉತ್ತರಕ್ಕೆ ಹೋಗುವವರು ದೆಹಲಿ ವಲಯದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಬಂದಿರುವ ನಿರ್ಬಂಧಗಳನ್ನು ಮರೆಯಬಾರದು. ಆ ನಿಯಮ ಹಲವು ಸಲ ತಿರುವು ಪಡೆದಿರುವುದರಿಂದ ಹೊರಡುವ ವಾರದಲ್ಲಿ ಮತ್ತೊಮ್ಮೆ ವಿಚಾರಿಸಿಕೊಂಡು, ಅಗತ್ಯ ಕಂಡರೆ ಸುತ್ತು ದಾರಿಯನ್ನೇ ಹಿಡಿಯಿರಿ.

ಸೇರಿಸುವ ಮೊದಲು ಸರಿಪಡಿಸುವುದು

ಒಟ್ಟು ಖರ್ಚಿನಲ್ಲಿ ಅರ್ಧದಷ್ಟನ್ನು ಈ ಹಂತಕ್ಕೇ ತೆಗೆದಿಡಿ ಎಂದು ನಾನು ಹೇಳುತ್ತೇನೆ. ನಾನು ಲೈಟ್ ಬಾರ್ ತೆಗೆದುಕೊಂಡು ಗ್ಯಾರೇಜಿಗೆ ಹೋದ ದಿನ, ನಮ್ಮ ಗಾಡಿಯನ್ನು ವರ್ಷಗಳಿಂದ ನೋಡಿಕೊಳ್ಳುವ ಮೇಸ್ತ್ರಿ ಅದನ್ನು ಬದಿಗಿಟ್ಟು, “ಮೊದ್ಲು ಬುಷ್ ಹಾಕ್ಸಿ ಸಾರ್, ಲೈಟು ಗೀಟು ಆಮೇಲೆ ನೋಡೋಣ” ಎಂದಿದ್ದರು. ಆಗ ಕೇಳಿಸಿಕೊಳ್ಳದ ಆ ಮಾತು ಈಗ ನನ್ನ ಲೆಕ್ಕದಲ್ಲಿ ಮೊದಲ ಸಾಲು.

ರಬ್ಬರ್ ಭಾಗಗಳಿಂದ ಆರಂಭಿಸಿ. ಹತ್ತು ವರ್ಷ ಕಳೆದ ಬುಷ್ (ಲೋಹದ ಕೀಲುಗಳ ನಡುವೆ ಕೂರುವ ರಬ್ಬರ್ ಬಳೆ), ಎಂಜಿನ್ ಮೌಂಟ್, ಬಾಡಿ ಮೌಂಟ್‌ಗಳು ಮೇಲ್ನೋಟಕ್ಕೆ ಸರಿಯಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರುತ್ತವೆ. ಸಬ್ಬಲ್ ತುದಿಯಿಂದ ತೋಳನ್ನು ಮೆಲ್ಲಗೆ ಮೀಟಿದಾಗ ಬುಷ್ ಬಾಯಿ ಬಿಡುತ್ತದೆ. ಬಾಲ್ ಜಾಯಿಂಟ್ ನೋಡಲು ಕೆಳತೋಳಿನಡಿಗೆ ಜಾಕ್ ಕೊಟ್ಟು ಚಕ್ರವನ್ನು ನೆಲದಿಂದ ಎರಡು ಬೆರಳು ಎತ್ತಿ, ಟೈರಿನಡಿಗೆ ಸಬ್ಬಲ್ ತೂರಿಸಿ ಮೇಲಕ್ಕೆ ಮೀಟಬೇಕು. ಕಟಕ್ ಎಂಬ ಸದ್ದೋ ಕಣ್ಣಿಗೆ ಕಾಣುವ ಅಲುಗಾಟವೋ ಇದ್ದರೆ ಆ ಜಾಯಿಂಟ್ ಬದಲಾಗಬೇಕು. ಅದೇ ಚಕ್ರವನ್ನು ಎಡಬಲಕ್ಕೆ ಅಲುಗಾಡಿಸಿದರೆ ಟೈ ರಾಡ್ ಎಂಡಿನ ಸ್ಥಿತಿ ತಿಳಿಯುತ್ತದೆ. ಪಾಲಿಯುರೆಥೇನ್ ಬುಷ್ ಹಾಕಿಸುವಂತೆ ಅನೇಕರು ಸಲಹೆ ಕೊಡುತ್ತಾರೆ. ಅದು ಬಾಳಿಕೆ ಬರುವುದು ನಿಜವಾದರೂ ಸಣ್ಣ ಅದುರನ್ನೂ ಒಳಕ್ಕೆ ದಾಟಿಸುವುದರಿಂದ, ಮಕ್ಕಳು ಮತ್ತು ಹಿರಿಯರು ಕೂರುವ ಗಾಡಿಗೆ ಮೂಲ ರಬ್ಬರೇ ಹಿತ ಎಂಬುದು ನನ್ನ ಅನುಭವ.

ಎಣ್ಣೆಗಳನ್ನು ಎಂಜಿನ್ನಿಗೆ ಮಾತ್ರವಲ್ಲದೆ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್ ನಾಲ್ಕಕ್ಕೂ ಬದಲಾಯಿಸಿ. ಕೆಲವು ಟ್ರಾನ್ಸ್‌ಫರ್ ಕೇಸ್‌ಗಳಿಗೆ ಬೇಕಾದದ್ದು ಗೇರ್ ಎಣ್ಣೆಯಲ್ಲ, ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ತೆಳು ಎಣ್ಣೆ). ಮಾಲೀಕರ ಕೈಪಿಡಿಯನ್ನು ನೋಡದೆ ಸುರಿಯಬೇಡಿ. ಹಳೆಯ ಎಣ್ಣೆ ಇಳಿಸುವಾಗ ಡ್ರೈನ್ ಪ್ಲಗ್ಗನ್ನು ಒರೆಸಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಅದರ ಅಯಸ್ಕಾಂತದ ಮೇಲೆ ಕಾಡಿಗೆಯಂಥ ನುಣುಪಾದ ಕಪ್ಪು ಅಂಟು ಇದ್ದರೆ ಅದು ಸಹಜ ಸವೆತ, ಉಗುರಿನ ಚೂರಿನಂಥ ಹೊಳೆಯುವ ತುಣುಕುಗಳಿದ್ದರೆ ಡಿಫರೆನ್ಷಿಯಲ್ ಒಳಗಿನ ಹಲ್ಲುಚಕ್ರಗಳಾದ ಕ್ರೌನ್ ಪಿನಿಯನ್ ಅಥವಾ ಬೇರಿಂಗ್ ಮುರಿಯುತ್ತಿದೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ.

ಬ್ರೇಕಿನ ವಿಷಯದಲ್ಲಿ ಪ್ಯಾಡ್, ಡ್ರಮ್ಮಿನ ಶೂ ಬದಲಾಯಿಸಿದರೆ ಸಾಲದು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತ ಹೋಗುತ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ, ತೇವ ಹೀರಿದ ಮೇಲೆ ಅದೇ ಅಳತೆ 155 ಡಿಗ್ರಿಗೆ ಇಳಿಯುತ್ತದೆ. ಎರಡು ಟನ್ ದಾಟಿದ ಗಾಡಿಗೆ ಸಾಮಾನು ತುಂಬಿ ಚಾರ್ಮಾಡಿ ಘಾಟಿಯನ್ನು ಬ್ರೇಕ್ ಒತ್ತಿಕೊಂಡೇ ಇಳಿದರೆ, ಎಣ್ಣೆ ಕುದಿದು ಆವಿಯ ಗುಳ್ಳೆಗಳು ಹುಟ್ಟಿ ಪೆಡಲ್ ಮೆತ್ತಗಾಗುವುದು ಹೀಗೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಹಳೆಯ ಎಣ್ಣೆ ತೆಗೆಸಿ, ನಾಲ್ಕೂ ಚಕ್ರದಲ್ಲಿ ಗಾಳಿ ಬಿಡಿಸಿ, ಹೊಸದನ್ನು ತುಂಬಿಸಿ.

ರೇಡಿಯೇಟರ್, ಥರ್ಮೋಸ್ಟಾಟ್, ಹೋಸ್‌ಗಳು ಮತ್ತು ಬೆಲ್ಟುಗಳನ್ನು ಒಟ್ಟಿಗೆ ನೋಡಿಸಿ. ಲೋ ರೇಂಜ್‌ನಲ್ಲಿ ನಿಧಾನವಾಗಿ ಏರುವಾಗ ಎದುರುಗಾಳಿ ಇರುವುದಿಲ್ಲವಾದ್ದರಿಂದ ತಂಪಿನ ಭಾರವೆಲ್ಲ ಫ್ಯಾನಿನ ಮೇಲೆಯೇ ಬೀಳುತ್ತದೆ. ತೆಗೆದ ಹಳೆಯ ಬೆಲ್ಟು, ಮೇಲಿನ ಹೋಸ್ ಇನ್ನೂ ಬಳಸುವಂತಿದ್ದರೆ ಎಸೆಯದೆ ಸ್ಟೆಪ್ನಿಯ ಹಾಗೆ ಗಾಡಿಯಲ್ಲೇ ಇಟ್ಟುಕೊಳ್ಳಿ.

ಟೈರು: ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಬದಲಾವಣೆ

ನಮ್ಮ ಗಾಡಿಯ ಮೂಲ ಅಳತೆ 235/70 ಆರ್16. ಈ ಟೈರಿನ ಪೂರ್ತಿ ವ್ಯಾಸ ಸುಮಾರು 735 ಮಿಲಿಮೀಟರ್. 245/70 ಹಾಕಿದರೆ ವ್ಯಾಸ 749, 245/75 ಹಾಕಿದರೆ 774 ಆಗುತ್ತದೆ. ವ್ಯಾಸದ ಹೆಚ್ಚಳದ ಅರ್ಧದಷ್ಟು ಮಾತ್ರ ಗಾಡಿ ಮೇಲೇಳುವುದರಿಂದ, ಮೊದಲನೆಯದರಿಂದ ಸಿಗುವ ಎತ್ತರ 7 ಮಿಲಿಮೀಟರ್, ಎರಡನೆಯದರಿಂದ 19. ಎರಡನೆಯದರಲ್ಲಿ ಸ್ಪೀಡೋಮೀಟರ್ 100 ತೋರಿಸುವಾಗ ನಿಜದ ವೇಗ ಮೊದಲಿಗಿಂತ ಐದು ಕಿಲೋಮೀಟರ್‌ನಷ್ಟು ಹೆಚ್ಚಿರುತ್ತದೆ, ಗೇರಿನ ಹಿಡಿತವೂ ಅದೇ ಪ್ರಮಾಣದಲ್ಲಿ ಸಡಿಲವಾಗುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗಿನ ಲೈನರಿಗೆ ಉಜ್ಜಬಹುದು. ಮೂಲ ಅಳತೆಯಲ್ಲೇ ಒಳ್ಳೆಯ ಆಲ್ ಟೆರೇನ್ ಟೈರು ಹಾಕಿಸುವುದು ಕಾನೂನಿಗೂ ಕ್ಲಚ್ಚಿಗೂ ಸರಿಯಾದ ಆಯ್ಕೆ. ಲೋಡ್ ಇಂಡೆಕ್ಸ್ ಮೂಲಕ್ಕಿಂತ ಕಡಿಮೆ ಇರಬಾರದು. 105 ಎಂದರೆ ಒಂದು ಟೈರು 925 ಕಿಲೋ ಹೊರಬಲ್ಲದು ಎಂದರ್ಥ. ಪಕ್ಕದ ಗೋಡೆಯಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಅಂಗಡಿಯಲ್ಲಿ ಎರಡು ವರ್ಷ ಕೂತ ಟೈರನ್ನು ರಿಯಾಯಿತಿಗೆ ಕೊಟ್ಟರೂ ಬೇಡವೆನ್ನಿ. ಸ್ಟೆಪ್ನಿ ಸೇರಿ ಐದೂ ಒಂದೇ ಅಳತೆಯವಾಗಿರಲಿ.

ಹಲ್ಲು ದೊಡ್ಡದಾದ ಮಡ್ ಟೆರೇನ್ ಟೈರು ನೋಡಲು ಗತ್ತಾಗಿರುತ್ತದೆ, ಆದರೆ ಮಳೆಯಲ್ಲಿ ನೆನೆದ ಡಾಂಬರಿನ ಮೇಲೆ ಅದರ ಹಿಡಿತ ಕಡಿಮೆ, ಸದ್ದು ಹೆಚ್ಚು. ಸಕಲೇಶಪುರದ ಕಡೆಯ ಒಂದು ತೋಟದ ದಾರಿ ತಲುಪಲು ಬೆಂಗಳೂರಿನಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೆದ್ದಾರಿಯಲ್ಲೇ ಓಡಬೇಕಾದ ಮನೆಯ ಗಾಡಿಗೆ ಅದು ತಕ್ಕದ್ದಲ್ಲ. ಇನ್ನು ಗದಗ, ವಿಜಯಪುರದ ಎರೆಮಣ್ಣಿನ ವಿಷಯವೇ ಬೇರೆ. ಮಳೆ ಬಿದ್ದ ದಿನ ಆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಮಡ್‌ಗಾರ್ಡಿನೊಳಗೆಲ್ಲ ತುಂಬಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಅಲ್ಲಿ ಯಾವ ಟೈರೂ ನೆರವಿಗೆ ಬರುವುದಿಲ್ಲ, ಎರೆ ಆರುವವರೆಗೆ ಕಾಯುವುದೇ ದಾರಿ. ಹೊಲದವರು ಎತ್ತಿನ ಬಂಡಿಯನ್ನೂ ಆ ದಿನ ಇಳಿಸುವುದಿಲ್ಲ.

ಟೈರಿನಿಂದ ಪೂರ್ತಿ ಕೆಲಸ ತೆಗೆಯುವುದು ಗಾಳಿಯ ಒತ್ತಡ. ರಸ್ತೆಯಲ್ಲಿ 30ರಿಂದ 32 ಪಿಎಸ್‌ಐ ಇಟ್ಟರೆ, ಜಲ್ಲಿಕಲ್ಲಿನ ಹಾದಿಯಲ್ಲಿ 25ರ ಆಸುಪಾಸು, ಮರಳು ಅಥವಾ ಆಳದ ಕೆಸರಿನಲ್ಲಿ 18ಕ್ಕೆ ಇಳಿಸಬಹುದು. ಇಳಿಸುವಾಗ ಟೈರಿನ ಮುಂದೆ ಕುಳಿತು ನೆಲಕ್ಕೆ ತಾಗಿದ ಭಾಗವನ್ನು ಗಮನಿಸಿ. ಅಗಲ ಅಷ್ಟಾಗಿ ಹೆಚ್ಚುವುದಿಲ್ಲ, ಉದ್ದ ಹೆಚ್ಚುತ್ತದೆ. ಅಂಗೈ ಊರಿದ್ದವರು ಮೊಳಕೈವರೆಗೆ ಊರಿದ ಹಾಗೆ ಟೈರು ನೆಲವನ್ನು ಅಪ್ಪಿಕೊಳ್ಳುತ್ತದೆ. 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವಿದೆ. ಇಳಿಸಿದ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರಿನ ಗೋಡೆ ಬಿಸಿಯಾಗಿ ಒಡೆಯುತ್ತದೆ, ಆದ್ದರಿಂದ ಡಾಂಬರು ಸಿಕ್ಕ ಕೂಡಲೇ ತುಂಬಿಸಲು ಒಂದು 12 ವೋಲ್ಟಿನ ಕಂಪ್ರೆಸರ್ ಬೇಕೇ ಬೇಕು. ಸಿಗರೇಟ್ ಲೈಟರಿನ ಸಾಕೆಟ್ ದೊಡ್ಡ ಟೈರಿನ ಕಂಪ್ರೆಸರಿಗೆ ಸಾಲದು, ಬ್ಯಾಟರಿಗೇ ಕ್ಲಿಪ್ ಹಾಕುವಂಥದ್ದನ್ನು ಕೊಳ್ಳಿ.

ಎತ್ತರದ ಆಸೆ ಮತ್ತು ಅದರ ಮಿತಿ

ಇಲ್ಲಿಯೇ ನಾನು ಎಡವಿದ್ದು. ಗಾಡಿಯ ಮುಂಭಾಗವನ್ನು ಎರಡೂವರೆ ಇಂಚು ಎತ್ತರಿಸಿಕೊಡುವುದಾಗಿ ಹೇಳಿದ ಒಂದು ಅಂಗಡಿಯಲ್ಲಿ ಗಾಡಿ ಬಿಟ್ಟೆ. ಸಂಜೆ ನೋಡಿದಾಗ ಗಾಡಿ ಎದೆ ಸೆಟೆಸಿ ನಿಂತಿತ್ತು. ಮೂರನೆಯ ತಿಂಗಳು ಬಿಸಿಲೆ ಘಾಟಿಯ ಕಡೆಯಿಂದ ಬರುವಾಗ ಮುಂದಿನ ಎಡಚಕ್ರದಲ್ಲಿ ಟಕಟಕ ಸದ್ದು ಶುರುವಾಗಿ, ಇಳಿದು ನೋಡಿದರೆ ಶಾಫ್ಟಿನ ತುದಿಯ ಸಿವಿ ಬೂಟ್ (ಕೀಲಿನ ಗ್ರೀಸನ್ನು ಕಾಯುವ ರಬ್ಬರ್ ಕವಚ) ಹರಿದು ಗ್ರೀಸ್ ರಿಮ್ಮಿನ ತುಂಬ ಚೆಲ್ಲಿತ್ತು. ಜಾಯಿಂಟಿನೊಳಗೆ ಕೆಂಪು ಮಣ್ಣು ಸೇರಿತ್ತು.

ಕಾರಣ ಸರಳ. ಈ ಗಾಡಿಯ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗ್ ಇಲ್ಲ, ಉದ್ದಕ್ಕೆ ಮಲಗಿದ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು) ಇದೆ. ಅದರ ಹಿಂತುದಿಯ ಬೋಲ್ಟನ್ನು ತಿರುಗಿಸಿದರೆ ಗಾಡಿ ಮೇಲೇಳುತ್ತದೆ. ಹೀಗೆ ಎತ್ತಿದಾಗ ಚಕ್ರ ಮೇಲೆ ಕೆಳಗೆ ಓಡಾಡುವ ಒಟ್ಟು ಹರವು ಹೆಚ್ಚುವುದಿಲ್ಲ, ನಿಲ್ಲುವ ಜಾಗ ಮಾತ್ರ ಬದಲಾಗುತ್ತದೆ. ಗುಂಡಿಗೆ ಇಳಿಯಲು ಉಳಿದಿರುವ ಹರವು ಕಡಿಮೆಯಾಗಿ ಚಕ್ರ ಬೇಗ ಗಾಳಿಯಲ್ಲಿ ನೇತಾಡುತ್ತದೆ, ಶಾಫ್ಟು ಓರೆಯಾಗಿ ತಿರುಗುತ್ತ ಬೂಟನ್ನು ತಿನ್ನುತ್ತದೆ. ಮೇಲಾಗಿ, ಸಸ್ಪೆನ್ಷನ್ ಎಷ್ಟೇ ಎತ್ತರಿಸಿದರೂ ಹಿಂದಿನ ಹೌಸಿಂಗಿನ ಗುಂಡು ನೆಲದಿಂದ ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತಬಲ್ಲದ್ದು ಟೈರು ಮಾತ್ರ.

ಆದ್ದರಿಂದ ಗುರಿ ಇಷ್ಟೇ ಇರಲಿ: ವರ್ಷಗಳ ಭಾರಕ್ಕೆ ಕುಸಿದ ಗಾಡಿಯನ್ನು ಕೈಪಿಡಿಯಲ್ಲಿ ಹೇಳಿದ ಎತ್ತರಕ್ಕೆ ಮರಳಿಸುವುದು. ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ ನಾಲ್ಕೂ ಕಡೆ ಅಳೆದು ಬರೆದಿಟ್ಟುಕೊಳ್ಳಿ. ಬೋಲ್ಟಿನ ಈಗಿನ ಸ್ಥಾನಕ್ಕೆ ಬಣ್ಣದ ಗುರುತು ಹಾಕಿ. ಚಾಸಿಯ ಅಡ್ಡತೊಲೆಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಮುಂದಿನ ಚಕ್ರಗಳನ್ನು ತೂಗುಬಿಟ್ಟ ಮೇಲೆ ಎರಡೂ ಕಡೆ ಒಂದೊಂದೇ ಸುತ್ತು ತಿರುಗಿಸುತ್ತ ಎಣಿಸಬೇಕು. ಕೆಳಗಿಳಿಸಿ ಐನೂರು ಮೀಟರ್ ಓಡಿಸಿ, ಸಸ್ಪೆನ್ಷನ್ ಕುಳಿತ ಮೇಲೆ ಮತ್ತೆ ಅಳೆಯಿರಿ. ಹಿಂದೆ ಕುಸಿದ ಸುರುಳಿ ಸ್ಪ್ರಿಂಗುಗಳ ಬದಲು, ನೀವು ಖಾಯಂ ಆಗಿ ಹೇರಲಿರುವ ಭಾರಕ್ಕೆ ತಕ್ಕ ಹೊಸ ಸ್ಪ್ರಿಂಗ್ ಜೋಡಿ ಹಾಕಿಸಿ. ರಬ್ಬರ್ ಸ್ಪೇಸರ್ ತುರುಕುವುದು ಪರಿಹಾರವಲ್ಲ. ಶಾಕ್ ಅಬ್ಸಾರ್ಬರ್‌ಗಳನ್ನು ನಾಲ್ಕೂ ಒಟ್ಟಿಗೆ ಬದಲಾಯಿಸಿ, ಕೊನೆಯಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಎಳೆಯುವ ಕೊಂಡಿ ಮತ್ತು ಅಡಿಯ ತಟ್ಟೆ

ಸಿಕ್ಕಿಬಿದ್ದ ಗಾಡಿಯನ್ನು ಹೊರಗೆಳೆಯುವಾಗ ಆಗುವ ಗಾಯಗಳು ಈ ಹವ್ಯಾಸದಲ್ಲಿ ಅತ್ಯಂತ ಗಂಭೀರವಾದವು, ಆದ್ದರಿಂದ ಈ ಭಾಗದಲ್ಲಿ ಉಳಿತಾಯದ ಯೋಚನೆ ಬೇಡ. ಲಾರಿಯಲ್ಲಿ ಸಾಗಿಸುವಾಗ ಕಟ್ಟಿಹಾಕಲು ಕೊಟ್ಟಿರುವ ತೆಳು ಬಳೆಗೆ ಹಗ್ಗ ಹಾಕಿ ಎಳೆದರೆ ಅದು ಕಿತ್ತುಬಂದು ಗುಂಡಿನಂತೆ ಹಾರುತ್ತದೆ. ಚಾಸಿಗೆ ಕನಿಷ್ಠ ಎರಡು ಬೋಲ್ಟಿನಲ್ಲಿ ಕೂರುವ, ದರ್ಜೆ ಅಚ್ಚೊತ್ತಿದ ಕೊಂಡಿ ಮುಂದೆಯೂ ಹಿಂದೆಯೂ ಇರಬೇಕು. ಮುಕ್ಕಾಲು ಇಂಚಿನ, 4.75 ಟನ್ ಎಂದು ಅಚ್ಚಾದ ಎರಡು ಬಿಲ್ಲಾಕಾರದ ಶ್ಯಾಕಲ್‌ಗಳು (ಪಟ್ಟಿಯನ್ನು ಕೊಂಡಿಗೆ ಸೇರಿಸುವ ಉಕ್ಕಿನ ಬಳೆಗಳು), ಗಾಡಿಯ ತೂಕದ ಎರಡು ಮೂರು ಪಟ್ಟು ತಾಳುವ ಎಂಟು ಒಂಬತ್ತು ಮೀಟರ್ ಉದ್ದದ ಹಿಗ್ಗುವ ರಿಕವರಿ ಪಟ್ಟಿ, ಒಂದು ಗಟ್ಟಿ ಸಲಿಕೆ, ಒಂದು ಜೊತೆ ಕೈಗವಸು ಸಾಕು. ಎಳೆಯುವಾಗ ಪಟ್ಟಿಯ ನಡುವೆ ಒದ್ದೆ ಗೋಣಿಚೀಲ ಹೊದಿಸಿ, ಪಟ್ಟಿಯ ಒಂದೂವರೆ ಪಟ್ಟು ದೂರಕ್ಕೆ ಎಲ್ಲರನ್ನೂ, ಅದರಲ್ಲೂ ಮಕ್ಕಳನ್ನು, ಸರಿಸಿ. ಹತ್ತರಲ್ಲಿ ಎಂಟು ಸಲ ಸಲಿಕೆ ಮತ್ತು ಗಾಳಿ ಇಳಿಸುವುದರಿಂದಲೇ ಗಾಡಿ ಹೊರಬರುತ್ತದೆ, ಗಾಡಿಗೆ ಕಟ್ಟಿ ಹಗ್ಗ ಸುತ್ತಿ ಎಳೆಯುವ ಯಂತ್ರವಾದ ವಿಂಚ್ ನನಗೆ ಈವರೆಗೆ ಬೇಕಾಗಿಲ್ಲ.

ಎಂಜಿನ್ ಚೇಂಬರು (ಎಂಜಿನ್ನಿನಡಿಯ ಎಣ್ಣೆ ತೊಟ್ಟಿ) ಮತ್ತು ಟ್ರಾನ್ಸ್‌ಫರ್ ಕೇಸಿನಡಿಗೆ ತಟ್ಟೆ ಕಟ್ಟಿಸುವುದಾದರೆ ಒಂದು ಚದರ ಮೀಟರಿಗೆ 4 ಮಿಲಿಮೀಟರ್ ಉಕ್ಕು 31 ಕಿಲೋ, 6 ಮಿಲಿಮೀಟರ್ ಅಲ್ಯೂಮಿನಿಯಂ 16 ಕಿಲೋ ತೂಗುತ್ತದೆ ಎಂಬುದು ನೆನಪಿರಲಿ. ಕಲ್ಲಿಗೆ ತಾಗಿದರೆ ಉಕ್ಕು ಜಾರುತ್ತದೆ, ಅಲ್ಯೂಮಿನಿಯಂ ಕಚ್ಚಿಕೊಳ್ಳುತ್ತದೆ, ಆದರೂ ಮನೆಯ ಗಾಡಿಗೆ ಹಗುರವಾದದ್ದೇ ಸಾಕು. ಎಣ್ಣೆ ಇಳಿಸಲು ತೂತು ಇರಲಿ. ಒಣಹುಲ್ಲು ತಟ್ಟೆಯ ಮೇಲೆ ಸೇರಿ ಸೈಲೆನ್ಸರಿನ ಬಿಸಿಗೆ ಹೊತ್ತಿಕೊಳ್ಳಬಹುದಾದ್ದರಿಂದ, ಹುಲ್ಲುಗಾವಲು ದಾಟಿದ ದಿನ ಸಂಜೆ ಬಗ್ಗಿ ನೋಡಿ ಕೈಯಿಂದ ತೆಗೆಯಿರಿ.

ನೀರು ದಾಟುವ ಸಿದ್ಧತೆ

ಇದು ಕೆಲವು ನೂರು ರೂಪಾಯಿಯ ಕೆಲಸ, ಆದರೂ ಬಹಳ ಮಂದಿ ಬಿಟ್ಟುಬಿಡುತ್ತಾರೆ. ಹೌಸಿಂಗಿನ ಮೇಲೆ ಹೆಬ್ಬೆರಳಿನ ತುದಿಯಷ್ಟು ದೊಡ್ಡ ಉಸಿರುಗುಂಡಿ ಇರುತ್ತದೆ. ಓಡಿ ಬಿಸಿಯಾದ ಹೌಸಿಂಗ್ ತಟ್ಟನೆ ಹೊಳೆಯ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಆ ಗಳಿಗೆಯಲ್ಲಿ ಹೊರಗಿರುವುದು ನೀರು. ಉಸಿರುಗುಂಡಿಯ ಮುಚ್ಚಳ ಬಿಚ್ಚಿ, ಎಣ್ಣೆ ತಾಳುವ ರಬ್ಬರ್ ಕೊಳವೆಯನ್ನು ಕ್ಲಿಪ್ ಹಾಕಿ ಸಿಕ್ಕಿಸಿ, ಚಾಸಿಯ ಗುಂಟ ಹಿಂದಿನದನ್ನು ಡೀಸೆಲ್ ತುಂಬುವ ಬಾಯಿಯ ಎತ್ತರಕ್ಕೂ ಮುಂದಿನದನ್ನು ಎಂಜಿನ್ ಗೋಡೆಯ ಮೇಲ್ಭಾಗಕ್ಕೂ ಒಯ್ದು, ತುದಿಗೆ ಸಣ್ಣ ಡೀಸೆಲ್ ಫಿಲ್ಟರ್ ಇಡಿ. ಹೌಸಿಂಗ್ ಮೇಲೆ ಕೆಳಗೆ ಆಡುವುದರಿಂದ ಕೊಳವೆಗೆ ಒಂದು ಗೇಣು ಸಡಿಲ ಬಿಡುವುದನ್ನು ಮರೆಯಬೇಡಿ.

ಸ್ನಾರ್ಕಲ್ (ಎಂಜಿನ್ನಿಗೆ ಮೇಲಿನಿಂದ ಗಾಳಿ ತರುವ ಎತ್ತರದ ಕೊಳವೆ) ಹಾಕಿದರೆ ಹೊಳೆ ದಾಟಬಹುದೆಂಬ ಭರವಸೆ ಅಪಾಯಕಾರಿ. ಎಂಜಿನ್ನಿಗೆ ನೀರು ಹೋದರೆ, ನೀರು ಗಾಳಿಯಂತೆ ಅಮುಕಿಸಿಕೊಳ್ಳುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುತ್ತದೆ ಎಂಬುದು ನಿಜ, ಆದರೆ ಅದಕ್ಕೂ ಮೊದಲೇ ಹರಿವು ಗಾಡಿಯನ್ನು ತಳ್ಳುತ್ತದೆ. ಚಕ್ರದ ನಡುಬಿಂದುವಿಗಿಂತ ಆಳವಾದ, ನೀವು ನಡೆದು ನೋಡಲಾಗದ ಹರಿಯುವ ನೀರಿಗೆ ಮನೆಮಂದಿ ಕುಳಿತ ಗಾಡಿಯನ್ನು ಇಳಿಸಬೇಡಿ.

ವಿದ್ಯುತ್ತು

ಹೊಸ ತಂತಿ ಎಳೆಯುವ ಮುನ್ನ ಹಳೆಯ ಅರ್ಥಿಂಗ್ ಜೋಡಣೆಗಳನ್ನು ಬಿಚ್ಚಿ ಉಪ್ಪುಕಾಗದದಿಂದ ಉಜ್ಜಿ ಮತ್ತೆ ಬಿಗಿಸಿ. ಹಳೆಯ ಗಾಡಿಯ ಅರ್ಧದಷ್ಟು ವಿದ್ಯುತ್ ತಕರಾರು ಅಲ್ಲಿಯೇ ಕಳೆಯುತ್ತದೆ. 120 ವಾಟಿನ ಲೈಟಿಗೆ 10 ಆಂಪಿಯರ್ ಬೇಕು. ಅದಕ್ಕೆ ರಿಲೇ (ಸಣ್ಣ ಸ್ವಿಚ್ಚಿನಿಂದ ದೊಡ್ಡ ವಿದ್ಯುತ್ತನ್ನು ಹಾಯಿಸುವ ಭಾಗ), ತಕ್ಕ ದಪ್ಪದ ತಂತಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಫ್ಯೂಸ್ ಇಲ್ಲದ ತಂತಿ ಚಾಸಿಗೆ ಉಜ್ಜಿದರೆ ಗಾಡಿಗೆ ಬೆಂಕಿ ಬೀಳುತ್ತದೆ. ಹೆಚ್ಚುವರಿ ದೀಪಗಳನ್ನು ಸಾರ್ವಜನಿಕ ರಸ್ತೆಯಲ್ಲಿ ಮುಚ್ಚಿಯೇ ಇಡಿ. 45 ವಾಟಿನ ಸಣ್ಣ ಫ್ರಿಜ್ ದಿನದ ಅರ್ಧ ಹೊತ್ತು ಓಡಿದರೂ 45 ಆಂಪಿಯರ್‌ ಅವರ್ ಖಾಲಿಯಾಗುತ್ತದೆ. ಅದು ಬೇಕೇಬೇಕೆಂದರೆ ಐಸೊಲೇಟರ್ (ಎರಡು ಬ್ಯಾಟರಿಗಳನ್ನು ಬೇರ್ಪಡಿಸಿಡುವ ಸಾಧನ) ಸಹಿತ ಎರಡನೆಯ ಬ್ಯಾಟರಿ ಹಾಕಿಸಿ. ನಮ್ಮ ಮನೆಯವರು ಐಸ್ ಪೆಟ್ಟಿಗೆಯಲ್ಲೇ ತೃಪ್ತರು.

ತೂಕದ ಲೆಕ್ಕ

ಒಂದು ಹಾಳೆಯಲ್ಲಿ ಬರೆದು ಕೂಡಿ ನೋಡಿ. ಡೀಸೆಲ್ ತುಂಬಿದ 20 ಲೀಟರಿನ ಕ್ಯಾನ್ 21 ಕಿಲೋ, ನೀರು 40, ಕ್ಯಾರಿಯರ್ 35, ಉಕ್ಕಿನ ತಟ್ಟೆ 31, 12 ಮಿಲಿಮೀಟರ್ ಪ್ಲೈವುಡ್ಡಿನ ಎರಡು ಹಾಳೆಯಲ್ಲಿ ಮಾಡಿದ ಡ್ರಾಯರ್ 45, ಎರಡನೆಯ ಬ್ಯಾಟರಿ 20, ಸಲಕರಣೆ 25. ಒಟ್ಟು 217 ಕಿಲೋ, ಅಂದರೆ ಇನ್ನೂ ಬಟ್ಟೆಬರೆ, ಪಾತ್ರೆ ಪಡಗ ಹೇರುವ ಮುನ್ನವೇ ಮೂವರು ದೊಡ್ಡವರ ಭಾರ ಗಾಡಿಯ ಮೇಲೆ ಬಿದ್ದಿದೆ. ಇದರಲ್ಲಿ ಎಷ್ಟು ನಿಜಕ್ಕೂ ಬೇಕು? ಮನಾಲಿಯಿಂದ ಲೇಹ್ ದಾರಿಯಲ್ಲಿ ತಾಂಡಿಯ ಪೆಟ್ರೋಲ್ ಬಂಕಿನ ಫಲಕ ಮುಂದಿನ ಬಂಕು 365 ಕಿಲೋಮೀಟರ್ ದೂರ ಎಂದು ಎಚ್ಚರಿಸಿದ್ದು ಪ್ರಸಿದ್ಧ. ಲೀಟರಿಗೆ ಎಂಟೇ ಕಿಲೋಮೀಟರ್ ಕೊಟ್ಟರೂ ಆ ದೂರಕ್ಕೆ 46 ಲೀಟರ್ ಸಾಕು, ನಮ್ಮ ಟ್ಯಾಂಕು ಹಿಡಿಯುವುದು 65. ನಮ್ಮ ನಾಡಿನೊಳಗಿನ ದಾರಿಗಳಿಗಂತೂ ಹೆಚ್ಚುವರಿ ಕ್ಯಾನಿನ ಅಗತ್ಯವೇ ಇಲ್ಲ.

ಕ್ಯಾರಿಯರ್ ಮೇಲೆ ಹಾಸಿಗೆ, ಟೆಂಟಿನಂಥ ಹಗುರ ವಸ್ತುಗಳಷ್ಟೇ ಇರಲಿ. ನೀರು ಮತ್ತು ಸಲಕರಣೆ ಹಿಂದಿನ ಸೀಟಿನ ಬೆನ್ನಿಗೆ ತಾಗಿದಂತೆ, ಆದಷ್ಟು ತಗ್ಗಿನಲ್ಲಿ, ನೆಲಕ್ಕೆ ಬೋಲ್ಟ್ ಮಾಡಿದ ಕೊಂಡಿಗಳಿಗೆ ಪಟ್ಟಿಯಿಂದ ಬಿಗಿದಿರಬೇಕು. ಬಿಗಿಯದ ಐದು ಕಿಲೋ ಸಿಲಿಂಡರ್ ಜೋರು ಬ್ರೇಕಿಗೆ ಹಿಂದಿನ ಸೀಟಿನಲ್ಲಿ ಕೂತ ಮಗುವಿನ ತಲೆಯ ಎತ್ತರಕ್ಕೇ ಹಾರಿಬರುತ್ತದೆ. ಮೂರನೆಯ ಸಾಲಿನ ಸೀಟುಗಳನ್ನು ಕಿತ್ತುಹಾಕದೆ ಮಡಚಿಟ್ಟರೆ ದಾಖಲೆಯ ತೊಂದರೆಯೂ ಇಲ್ಲ. ಎಲ್ಲ ತುಂಬಿದ ಮೇಲೆ, ಜನರೂ ಕುಳಿತಿರುವಂತೆಯೇ, ಊರ ಹತ್ತಿರದ ವೇ ಬ್ರಿಡ್ಜಿಗೆ ಹೋಗಿ ಮುಂದಿನ ಚಕ್ರ, ಹಿಂದಿನ ಚಕ್ರ, ಇಡೀ ಗಾಡಿ ಹೀಗೆ ಮೂರು ಸಲ ತೂಗಿಸಿ, ತಯಾರಕರು ನಮೂದಿಸಿದ ಗರಿಷ್ಠ ತೂಕದೊಂದಿಗೆ ಹೋಲಿಸಿ. ಮಿತಿ ದಾಟಿದರೆ ಅಲ್ಲಿಯೇ ನಿಂತು ಏನನ್ನು ಇಳಿಸಬೇಕೆಂದು ತೀರ್ಮಾನಿಸಿ.

ಮೊದಲ ಪ್ರಯಾಣ

ಮೊದಲ ಸಲವೇ ದೂರ ಹೋಗಬೇಡಿ. ಪರಿಚಿತರ ತೋಟವೋ ಅನುಮತಿ ಪಡೆದ ಖಾಸಗಿ ಜಾಗವೋ ಇರುವ, ಮನೆಯಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ಕಡೆಯನ್ನು ಆರಿಸಿ, ಇನ್ನೊಂದು ಗಾಡಿಯನ್ನು ಜೊತೆಗೆ ಕರೆದುಕೊಳ್ಳಿ. ಕಾಯ್ದಿಟ್ಟ ಅರಣ್ಯದೊಳಗೆ ಅನುಮತಿಯಿಲ್ಲದೆ ಗಾಡಿ ಇಳಿಸುವುದು ಅಪರಾಧ. ಬಂಡೀಪುರದ ಹೆದ್ದಾರಿಯಲ್ಲೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿರುವುದನ್ನು ನೆನಪಿಟ್ಟು ವೇಳೆ ಹೊಂದಿಸಿಕೊಳ್ಳಿ. ಹುಲ್ಲು ಬೆಳೆದ ಬೆಟ್ಟದ ನೆತ್ತಿಯಲ್ಲಿ ಒಮ್ಮೆ ಚಕ್ರ ಕೊರೆದ ಗೆರೆ ಮುಂದಿನ ಮಳೆಗೆ ಕೊರಕಲಾಗುತ್ತದೆ, ಆದ್ದರಿಂದ ಇರುವ ದಾರಿ ಬಿಟ್ಟು ಪಕ್ಕಕ್ಕೆ ಇಳಿಯಬೇಡಿ.

ಮರಳಿ ಬಂದ ಮರುದಿನ ಮತ್ತೆ ಅಡಿ ತೊಳೆಸಿ, ಹೊಸದಾಗಿ ಹಾಕಿದ ಪ್ರತಿ ಬೋಲ್ಟನ್ನು ಟಾರ್ಕ್ ರೆಂಚ್‌ನಿಂದ ಮುಟ್ಟಿ ನೋಡಿ. ಬಿಗಿಸಿದ ದಿನ ಬೋಲ್ಟಿನ ತಲೆಯಿಂದ ಲೋಹದವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆದಿಟ್ಟಿದ್ದರೆ, ಗೆರೆ ಮುರಿದದ್ದು ಸಡಿಲವಾಗಿದೆ ಎಂದು ಟಾರ್ಚ್ ಬೆಳಕಿನಲ್ಲೇ ತಿಳಿಯುತ್ತದೆ. 500 ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಹೀಗೆಯೇ ನೋಡಿ, ಸಿವಿ ಬೂಟುಗಳನ್ನು ಬೆರಳಿನಿಂದ ಮಡಿಕೆ ಬಿಡಿಸಿ ಪರೀಕ್ಷಿಸಿ, ನೀರು ದಾಟಿದ್ದರೆ ಹೌಸಿಂಗಿನ ಎಣ್ಣೆಯನ್ನು ಒಂದು ಚಮಚದಷ್ಟು ಇಳಿಸಿ ಬಣ್ಣ ನೋಡಿ. ಮಾಡಿದ ಕೆಲಸ, ದಿನಾಂಕ, ಓಡಿದ ಕಿಲೋಮೀಟರ್ ಇವನ್ನೆಲ್ಲ ಬರೆದಿಡುವ ಒಂದು ನೋಟ್‌ಪುಸ್ತಕ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಸದಾ ಇರಲಿ. ದೂರದ ಊರಿನ ಮೇಸ್ತ್ರಿ ಗಾಡಿ ನೋಡುವ ದಿನ ಅವರು ಮೊದಲು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಅದರಲ್ಲೇ ಸಿಗುತ್ತದೆ.